ಪಿಎಚ್ ಪೆನ್ನು, ಇಸಿ ಪೆನ್ನು, ಹಳದಿ ಅಂಟು ಹಾಳೆ: ಕೊಡಗಿನ ನೀರಿನಲ್ಲಿ ಬಳಸಿ ನೋಡಿದ ಮೇಲೆ

ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ಕಣದ ಪಕ್ಕದಲ್ಲೇ ಪ್ಲಾಸ್ಟಿಕ್ ಮಾಡು ಹಾಕಿ, ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರು ಹರಿಯುವ ಪಿವಿಸಿ ಪೈಪಿನಲ್ಲಿ ಲೆಟ್ಯೂಸ್, ಪಾಲಕ್ ಬೆಳೆದು ಹೋಂಸ್ಟೇಗಳಿಗೆ ಕೊಡುತ್ತೇನೆ. ಕುಶಾಲನಗರದ ಅಂಗಡಿಯೊಂದರಿಂದ ತಂದ, ಈ ಮೂರೂ ಇರುವ ಕಿಟ್ಟನ್ನು ಕಳೆದ ಮಳೆಗಾಲದಿಂದ ಕಾಫಿ ಹೂ ಬಿಡಿಸುವ ಹೂಮಳೆಯವರೆಗೂ ಬಳಸಿದ್ದೇನೆ.

ಇಸಿ ಪೆನ್ನು ಅಂದರೆ ನೀರಲ್ಲಿ ಕರಗಿದ ಲವಣ ಎಷ್ಟೆಂದು ವಿದ್ಯುತ್ ಹರಿಯುವುದರಿಂದ ಅಳೆಯುವುದು. ನಮ್ಮ ಬಾವಿ ನೀರಿಗೆ ಅದನ್ನು ಅದ್ದಿದರೆ 0.1 (mS/cm) ದಾಟುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರಿನವರಿಗೆ ಇದು ದೊಡ್ಡ ಭಾಗ್ಯ ಅನ್ನಿಸಬಹುದು. ಆದರೆ ಇಷ್ಟು ಕಡಿಮೆ ಲವಣದ, ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ಇಲ್ಲದ ನೀರು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಪಿಎಚ್ ಇಳಿಸಲು ಹಾಕುವ ಫಾಸ್ಫಾರಿಕ್ ಆಸಿಡ್ ಸ್ವಲ್ಪ ಹೆಚ್ಚಾದರೆ ಧಡಕ್ಕನೆ ಇಳಿಯುತ್ತದೆ, ಗಿಡ ನೈಟ್ರೇಟ್ ಹೀರುತ್ತಾ ಹೋದಂತೆ ಮತ್ತೆ ಏರುತ್ತದೆ. ಲೆಟ್ಯೂಸಿಗೆ 5.5ರಿಂದ 6.5ರೊಳಗೆ ಇರಬೇಕು. 7 ದಾಟಿತೋ, ನೀರಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದೆ ಎಳೆ ಎಲೆಗಳಲ್ಲಿ ನರ ಮಾತ್ರ ಹಸಿರು ಉಳಿದು ಮಿಕ್ಕಿದ್ದೆಲ್ಲ ಹಳದಿ. ಹಾಗಾಗಿ ಕಾಸು ಕಡಿಮೆ ಇದ್ದವರು ಮೊದಲು ಪಿಎಚ್ ಪೆನ್ನನ್ನೇ ಕೊಳ್ಳಿ.

ಪಿಎಚ್ ಪೆನ್ನಿನ ಅಳತೆ ನಂಬಬಹುದು, ಕ್ಯಾಲಿಬ್ರೇಷನ್ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಸರಿಪಡಿಸುವುದು) ತಪ್ಪಿಸದಿದ್ದರೆ. ಅದಕ್ಕೆ ಕೊಡುವ 4.01, 6.86ರ ಪುಡಿ ಪೊಟ್ಟಣಗಳು ಜೋರು ಮಳೆಯ ಕಕ್ಕಡ ತಿಂಗಳ ಥಂಡಿಗೆ ಕಲ್ಲಾಗುತ್ತವೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನನ್ನ ದೊಡ್ಡ ದೂರು ಬೇರೆ: ಪೆನ್ನಿನ ಗಾಜಿನ ತುದಿ ಒಣಗಬಾರದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆದಿರಬೇಕು. ಆ ದ್ರಾವಣ ಕಿಟ್ಟಿನಲ್ಲಿಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟರೆ ತುದಿ ಬೇಗ ಹಾಳಾಗುತ್ತದೆ.

ಇಸಿ ಪೆನ್ನು ಚೆನ್ನಾಗಿದೆ. ಪೆನ್ನು ಇಸಿಯನ್ನೇ ಲೆಕ್ಕ ಹಾಕಿ ತೋರಿಸುವ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಬಿಟ್ಟು ಇಸಿಯನ್ನೇ ಓದಿ. ಇಸಿ 1 ಇರುವ ನೀರನ್ನು ಒಂದು ಕಂಪನಿಯ ಪೆನ್ನು 500 ಅಂದರೆ ಇನ್ನೊಂದು 700 ಅನ್ನುತ್ತದೆ. ಲೆಟ್ಯೂಸಿಗೆ ನಾನು 0.8ರಿಂದ 1.2ರೊಳಗೆ ಇಡುತ್ತೇನೆ. ಆದರೆ ಅದರಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ಪೆನ್ನು ಹೇಳದು. ನಮ್ಮ ನೀರಲ್ಲಿ ಅದು ಇಲ್ಲವೆಂದೇ ಲೆಕ್ಕ, ಕ್ಯಾಲ್ಸಿಯಂ ನೈಟ್ರೇಟ್ ಬೇಕೇ ಬೇಕು. ಜುಲೈಯ ಮಂಜಿನಲ್ಲಿ ಎಲೆ ಬೆವರದೆ, ಹಾಕಿದ ಕ್ಯಾಲ್ಸಿಯಂ ಕೂಡ ಎಳೆ ಎಲೆಯ ಅಂಚಿಗೆ ತಲುಪದೆ ಅಂಚು ಸುಡುತ್ತದೆ. ಆಗ ಸಣ್ಣ ಫ್ಯಾನೇ ಮದ್ದು.

ಅಂಟು ಹಾಳೆ ಹುಳ ಮುಗಿಸುತ್ತದೆಂದು ಅಂಗಡಿಯವರು ಹೇಳಿದರು. ಮುಗಿಸುವುದಿಲ್ಲ. ಬಿಳಿ ನೊಣ, ರೆಕ್ಕೆ ಬಂದ ಗಿಡಹೇನು ಯಾವಾಗ ಬಂತೆಂದು ತೋರಿಸುತ್ತದೆ, ಅಷ್ಟಕ್ಕೇ ಅದು ಬೇಕು. ಎಲೆಯ ರಸ ಹೀರುವ ಪುಟ್ಟ ಹುಳ ಥ್ರಿಪ್ಸಿಗೆ ನೀಲಿ ಹಾಳೆಯೇ ಮೇಲು. ಹಾಳೆಯಲ್ಲಿ ಕಂಡ ಕೂಡಲೇ ಸಂಜೆ ಹೊತ್ತು ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ಎಲೆಯ ಅಡಿಗೆ ಹೊಡೆಯುತ್ತೇನೆ, ನೀರಿನ ಡ್ರಮ್ಮಿಗೆ ಬೀಳದಂತೆ. ಬಸವನಹುಳಕ್ಕೆ ಇದ್ಯಾವುದೂ ಅಲ್ಲ, ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು.

ಕಾಫಿ ಹೂ ಬಿಡುವ ದಿನಗಳಲ್ಲಿ ಮಾತ್ರ ಹಾಳೆಗಳನ್ನು ತೆಗೆದುಬಿಡಿ. ಜೇನುನೊಣಗಳೂ ಅಂಟಿ ಸಾಯುತ್ತವೆ, ತೋಟಕ್ಕೆ ಅವು ಲೆಟ್ಯೂಸಿಗಿಂತ ಮುಖ್ಯ.

ಐದಕ್ಕೆ ನಾಲ್ಕು ಅಂಕ. ಹಾಳೆ ನಾಲ್ಕು ಕಡಿಮೆ ಕೊಟ್ಟು ಪೆನ್ನಿನ ತುದಿ ನೆನೆಸುವ ಆ ದ್ರಾವಣದ ಚಿಕ್ಕ ಬಾಟಲಿ ಸೇರಿಸಿದರೆ ಐದೂ ಕೊಡುತ್ತೇನೆ.