ಬದಲಾವಣೆಯನ್ನು ನಿಭಾಯಿಸಲು ಒಂದು ಆನ್‌ಲೈನ್ ತರಬೇತಿ: ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಬಿಡುತ್ತದೆ

ಕೆಲಸದಲ್ಲಿಯೂ ಬದುಕಿನಲ್ಲಿಯೂ ಎದುರಾಗುವ ಬದಲಾವಣೆಗಳನ್ನು ನಿಭಾಯಿಸುವುದು ಹೇಗೆಂದು ಕಲಿಸುವ ಆನ್‌ಲೈನ್ ತರಬೇತಿಗಳು ಈಗ ಸಾಕಷ್ಟಿವೆ. ನಮ್ಮ ಕಚೇರಿಯಲ್ಲಿ ತಂಡಗಳನ್ನು ಒಡೆದು ಮರುಜೋಡಿಸಿದ ಹೊತ್ತಿನಲ್ಲಿ ಅಂಥ ಒಂದು ತರಬೇತಿಯನ್ನು ಸಂಸ್ಥೆಯೇ ಎಲ್ಲರಿಗೂ ಕೊಡಿಸಿತು. ಆರು ಪಾಠಗಳು, ಪ್ರತಿ ಪಾಠಕ್ಕೂ ಒಂದು ವಿಡಿಯೊ, ಮುದ್ರಿಸಿಕೊಂಡು ತುಂಬಬಹುದಾದ ಒಂದು ಅಭ್ಯಾಸಪುಸ್ತಕ ಮತ್ತು ಕೊನೆಯಲ್ಲಿ ತರಬೇತುದಾರರೊಂದಿಗೆ ಒಂದು ಗುಂಪು ಸಂವಾದ ಅದರಲ್ಲಿದ್ದವು. ಇದೇ ಸಾಮಗ್ರಿಯನ್ನು ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಹಲವರು ಕಲಿಸುತ್ತಿರುವುದರಿಂದ ತರಬೇತಿಯ ಹೆಸರಿಗಿಂತ ಅದರ ಹುರುಳನ್ನು ಪರಿಶೀಲಿಸುವುದೇ ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬದಲಾವಣೆಯಿಂದ ನಾವು ಕಳೆದುಕೊಂಡದ್ದೇನು ಎಂಬುದನ್ನು ಗುರುತಿಸಲು ಈ ತರಬೇತಿ ನಿಜವಾಗಿಯೂ ಸಹಾಯ ಮಾಡುತ್ತದೆ, ಆದರೆ ಬದಲಾವಣೆಯನ್ನು ತಂದವರನ್ನು ನಾವು ಏನೇನು ಕೇಳಬೇಕು ಎಂಬ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ.

ಎರಡನೆಯ ಪಾಠ ಇಡೀ ತರಬೇತಿಯ ತಿರುಳು. ಅದು ಅಮೆರಿಕದ ಚಿಂತಕ ವಿಲಿಯಂ ಬ್ರಿಡ್ಜಸ್ 1980ರ ಹೊತ್ತಿಗೆ ಮುಂದಿಟ್ಟ ಒಂದು ವಿಂಗಡಣೆಯನ್ನು ಆಧರಿಸಿದೆ. ಹೊರಗೆ ನಡೆಯುವ ಘಟನೆ ಒಂದು, ಆ ಘಟನೆಗೆ ಮನಸ್ಸು ಹೊಂದಿಕೊಳ್ಳುವ ಪ್ರಕ್ರಿಯೆ ಇನ್ನೊಂದು. ವರ್ಗಾವಣೆಯ ಆದೇಶ ಒಂದೇ ದಿನದಲ್ಲಿ ಕೈಸೇರಬಹುದು, ಮದುವೆ ಒಂದೇ ದಿನದಲ್ಲಿ ಮುಗಿಯಬಹುದು, ಮನೆ ಬದಲಿಸುವ ಕೆಲಸ ಎರಡು ದಿನಗಳಲ್ಲಿ ತೀರಬಹುದು, ಆದರೆ ಮನಸ್ಸು ಹಳೆಯ ನೆಲೆಯಿಂದ ಕಾಲು ಕಿತ್ತು ಹೊಸ ನೆಲೆಯಲ್ಲಿ ಊರಲು ತಿಂಗಳುಗಳೇ ಹಿಡಿಯುತ್ತವೆ. ಈ ಒಳಗಿನ ಪಯಣಕ್ಕೆ ಬ್ರಿಡ್ಜಸ್ ಮೂರು ಘಟ್ಟಗಳನ್ನು ಗುರುತಿಸುತ್ತಾರೆ. ಮೊದಲನೆಯದು ಮುಕ್ತಾಯ, ಎರಡನೆಯದು ಅತ್ತಲೂ ಇಲ್ಲದ ಇತ್ತಲೂ ಇಲ್ಲದ ನಡುಗಾಲ, ಮೂರನೆಯದು ಹೊಸ ಆರಂಭ. ಆರಂಭಕ್ಕೂ ಮೊದಲು ಮುಕ್ತಾಯವನ್ನಿಟ್ಟದ್ದು ಈ ಚೌಕಟ್ಟಿನ ದೊಡ್ಡ ಗುಣ. ಸಂಸ್ಥೆಗಳು ಸಾಮಾನ್ಯವಾಗಿ ಹೊಸ ಆರಂಭದ ಭಾಷಣದಿಂದಲೇ ಶುರು ಮಾಡುತ್ತವೆ, ಮುಗಿದುಹೋದದ್ದರ ಕುರಿತು ಯಾರೂ ತುಟಿ ಬಿಚ್ಚುವುದಿಲ್ಲ, ಆಮೇಲೆ ನೌಕರರು ಸಹಕರಿಸುತ್ತಿಲ್ಲವೆಂದು ಬೇಸರಪಡುತ್ತವೆ.

ಈ ಪಾಠದ ಅಭ್ಯಾಸಪುಟ ಸರಳವಾಗಿದೆ. ಪುಟದ ನಡುವೆ ಒಂದು ಗೆರೆ, ಎಡಕ್ಕೆ ‘ಮುಗಿದದ್ದು’, ಬಲಕ್ಕೆ ‘ಮುಗಿಯದೇ ಇರುವುದು’. ಎಡಭಾಗದಲ್ಲಿ ದೊಡ್ಡ ಪದಗಳನ್ನು ಬರೆಯಬಾರದು, ಕಣ್ಣಿಗೆ ಕಾಣುವ ಸಂಗತಿಗಳನ್ನಷ್ಟೇ ಬರೆಯಬೇಕು ಎಂಬ ಸೂಚನೆಯಿದೆ. ಆ ಸೂಚನೆಯೇ ಈ ಪುಟದ ಜೀವ. ‘ಹಳೆಯ ತಂಡ’ ಎಂದು ಬರೆದಿದ್ದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಯೋಚಿಸಿ ಬರೆದದ್ದು ಇದು: ಪಕ್ಕದ ಮೇಜಿನ ಸಹೋದ್ಯೋಗಿಯತ್ತ ಕುರ್ಚಿ ತಿರುಗಿಸಿ, ಇದು ದಡ್ಡ ಪ್ರಶ್ನೆಯೋ ಏನೋ ಎಂಬ ಅಳುಕಿಲ್ಲದೆ ಕೇಳುವ ಅನುಕೂಲ. ಬರೆದ ಕೂಡಲೇ ನನಗೆ ಬೇಕಾಗಿರುವುದು ಹಳೆಯ ವಿಭಾಗವಲ್ಲ, ಸಂಕೋಚವಿಲ್ಲದೆ ಕೇಳಬಹುದಾದ ಒಬ್ಬ ವ್ಯಕ್ತಿ ಎಂಬುದು ಸ್ಪಷ್ಟವಾಯಿತು. ಅಂಥವರನ್ನು ಹೊಸ ತಂಡದಲ್ಲಿಯೂ ಹುಡುಕಿಕೊಳ್ಳಬಹುದು, ಹಳೆಯ ಸಹೋದ್ಯೋಗಿಯೊಂದಿಗೆ ವಾರಕ್ಕೊಮ್ಮೆ ಮಾತನಾಡುವ ಏರ್ಪಾಟನ್ನೂ ಮಾಡಿಕೊಳ್ಳಬಹುದು. ಕಳೆದುಕೊಂಡದ್ದರ ಹೆಸರು ನಿಖರವಾದಷ್ಟೂ ಅದಕ್ಕೆ ಬದಲಿ ಹುಡುಕುವುದು ಸುಲಭವಾಗುತ್ತದೆ. ಬಲಭಾಗವೂ ಅಷ್ಟೇ ಮುಖ್ಯ, ಏಕೆಂದರೆ ಒಂದು ಸಂಗತಿ ಬದಲಾದಾಗ ಎಲ್ಲವೂ ಕೊಚ್ಚಿಹೋಯಿತೆಂದು ಮನಸ್ಸು ಉತ್ಪ್ರೇಕ್ಷಿಸಿಕೊಳ್ಳುತ್ತದೆ, ಕಲಿತ ಕೌಶಲವೂ ಗಳಿಸಿದ ವಿಶ್ವಾಸವೂ ಹಾಗೆಯೇ ಉಳಿದಿವೆಯೆಂದು ಕಾಗದದ ಮೇಲೆ ಓದಿಕೊಂಡಾಗ ಆ ಭಯ ತಕ್ಕ ಅಳತೆಗೆ ಇಳಿಯುತ್ತದೆ.

ನಡುಗಾಲದ ಕುರಿತ ಮೂರನೆಯ ಪಾಠವೂ ಒಳ್ಳೆಯದೇ. ಈ ಅವಧಿಯಲ್ಲಿ ಗೊಂದಲವಿರುವುದು ಸಹಜ, ಆಗ ಬಾಳಿನ ದೊಡ್ಡ ನಿರ್ಧಾರಗಳನ್ನು ಅವಸರದಲ್ಲಿ ಮಾಡಬಾರದು, ಬದಲಿಗೆ ವಾರದ ಮಟ್ಟಿಗೆ ಸಾಗುವ ತಾತ್ಕಾಲಿಕ ವ್ಯವಸ್ಥೆಗಳನ್ನು ಮಾಡಿಕೊಳ್ಳಬೇಕು ಎಂಬ ಸಲಹೆ ಕಾರ್ಯಸಾಧ್ಯವಾದದ್ದು. ಕೆಲಸ ಬಿಟ್ಟುಬಿಡಬೇಕೆಂಬ ಆವೇಶ ಬಹುತೇಕರಲ್ಲಿ ಹುಟ್ಟುವುದು ಇದೇ ಘಟ್ಟದಲ್ಲಿ.

ನಾಲ್ಕನೆಯ ಪಾಠದಲ್ಲಿ ತರಬೇತಿ ದಾರಿ ತಪ್ಪುತ್ತದೆ. ಅಲ್ಲಿ ಒಂದು ವಕ್ರರೇಖೆಯನ್ನು ತೋರಿಸಿ, ಬದಲಾವಣೆ ಎದುರಾದಾಗ ಪ್ರತಿಯೊಬ್ಬರೂ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಎಂಬ ಐದು ಹಂತಗಳನ್ನು ಕ್ರಮವಾಗಿ ದಾಟುತ್ತಾರೆ ಎಂದು ಖಡಾಖಂಡಿತವಾಗಿ ಹೇಳಲಾಗುತ್ತದೆ. ಈ ಐದು ಹಂತಗಳನ್ನು ಮನೋವೈದ್ಯೆ ಎಲಿಜಬೆತ್ ಕುಬ್ಲರ್-ರಾಸ್ 1969ರಲ್ಲಿ ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ನಡೆಸಿದ ಸಂದರ್ಶನಗಳ ಆಧಾರದ ಮೇಲೆ. ಕಚೇರಿಯ ಪುನರ್ರಚನೆ, ಹೊಸ ಸಾಫ್ಟ್‌ವೇರ್, ಹೊಸ ಮೇಲಧಿಕಾರಿ ಇವುಗಳಿಗೆ ಅದನ್ನು ಅಂಟಿಸಿದವರು ನಂತರದವರು, ಮೇಲಾಗಿ ಜನರು ಈ ಹಂತಗಳನ್ನು ಇದೇ ಕ್ರಮದಲ್ಲಿ ದಾಟುತ್ತಾರೆ ಎಂಬುದಕ್ಕೆ ಸಂಶೋಧನೆಯ ಬೆಂಬಲ ದುರ್ಬಲವಾಗಿದೆ. ಈ ತಪ್ಪು ಪಾಠದ ಪುಟದಲ್ಲಿ ಉಳಿದುಬಿಡುವಂಥದ್ದಲ್ಲ. ಹೊಸ ವ್ಯವಸ್ಥೆಯಲ್ಲಿ ನಿಜವಾದ ದೋಷವನ್ನು ಕಂಡು ಒಬ್ಬ ನೌಕರ ಆಕ್ಷೇಪ ಎತ್ತಿದರೆ, ಅವರಿನ್ನೂ ಕೋಪದ ಹಂತದಲ್ಲಿದ್ದಾರೆ, ಸ್ವಲ್ಪ ದಿನ ಹೋದರೆ ಸರಿಹೋಗುತ್ತಾರೆ ಎಂದು ವ್ಯವಸ್ಥಾಪಕರು ಆ ಮಾತನ್ನು ತಳ್ಳಿಹಾಕಲು ಈ ರೇಖೆ ಸುಲಭದ ನೆಪವಾಗುತ್ತದೆ. ಆಕ್ಷೇಪವನ್ನು ಭಾವನೆಯೆಂದು ಓದುವ ಮೊದಲು ಮಾಹಿತಿಯೆಂದು ಓದಬೇಕು. ಈ ಪಾಠವನ್ನು ಪೂರ್ತಿ ತೆಗೆದುಹಾಕಿದರೂ ತರಬೇತಿಗೆ ನಷ್ಟವಾಗದು ಎಂಬುದು ನನ್ನ ದೃಢವಾದ ಅನಿಸಿಕೆ.

ಐದನೆಯ ಪಾಠದಲ್ಲಿ ಎರಡು ಉಪಕರಣಗಳಿವೆ. ಮೊದಲನೆಯದು ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು 1967ರಲ್ಲಿ ಪ್ರಕಟಿಸಿದ ಬದುಕಿನ ಘಟನೆಗಳ ಅಳತೆಪಟ್ಟಿ. ಅದರಲ್ಲಿ 43 ಘಟನೆಗಳಿದ್ದು, ಅವುಗಳಿಗೆ ಹೊಂದಿಕೊಳ್ಳಲು ಬೇಕಾಗುವ ಶ್ರಮಕ್ಕೆ ತಕ್ಕಂತೆ ಅಂಕಗಳನ್ನು ಕೊಡಲಾಗಿದೆ. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50, ಕೆಲಸದಿಂದ ವಜಾ ಆಗುವುದಕ್ಕೆ 47, ನಿವೃತ್ತಿಗೆ 45, ಕೆಲಸದ ಹೊಣೆಗಾರಿಕೆ ಬದಲಾಗುವುದಕ್ಕೆ 29, ಮನೆ ಬದಲಿಸುವುದಕ್ಕೆ 20, ರಜೆಯ ಪ್ರವಾಸಕ್ಕೂ 13. ಮದುವೆಯ ಅಂಕ ವಜಾದ ಅಂಕಕ್ಕಿಂತ ಹೆಚ್ಚಿರುವುದನ್ನು ಓದುಗರು ಗಮನಿಸಬೇಕು, ಏಕೆಂದರೆ ಇಲ್ಲಿ ಅಳೆಯುತ್ತಿರುವುದು ದುಃಖವನ್ನಲ್ಲ, ಹೊಂದಾಣಿಕೆಯ ಭಾರವನ್ನು. ನಾವೇ ಬಯಸಿ ತಂದುಕೊಂಡ ಶುಭಕಾರ್ಯವೂ ಶಕ್ತಿಯನ್ನು ಬೇಡುತ್ತದೆ. ವರ್ಷವೊಂದರ ಒಟ್ಟು ಅಂಕ 300 ದಾಟಿದರೆ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಈ ಪಟ್ಟಿಯ ಪ್ರಸಿದ್ಧ ಸೂತ್ರ.

ಆ ಸೂತ್ರವನ್ನು ಜಾತಕಫಲದಂತೆ ಓದಬಾರದೆಂಬ ಎಚ್ಚರಿಕೆಯನ್ನು ತರಬೇತಿ ಕೊಡಬೇಕಿತ್ತು, ಕೊಟ್ಟಿಲ್ಲ. ಒಂದೇ ಘಟನೆ ಎಲ್ಲರಿಗೂ ಒಂದೇ ತೂಕದ್ದಲ್ಲ, ಸಹಿಸಲಾಗದ ದಾಂಪತ್ಯದಿಂದ ಹೊರಬಂದವರಿಗೆ ವಿಚ್ಛೇದನ ಬಿಡುಗಡೆಯೂ ಆಗಿರಬಹುದು. ಹಾಗಿದ್ದರೂ ಪಟ್ಟಿಗೆ ಒಂದು ಬಹಳ ಪ್ರಾಯೋಗಿಕ ಉಪಯೋಗವಿದೆ. ಮುಂದಿನ ವರ್ಷ ನಮ್ಮ ಕೈಯಲ್ಲಿಲ್ಲದ ಬದಲಾವಣೆಗಳು ಯಾವುವು, ಕೈಯಲ್ಲಿರುವವು ಯಾವುವು ಎಂದು ಗುರುತಿಸಿ, ಕೈಯಲ್ಲಿರುವವನ್ನು ಮುಂದೂಡಲು ಅಥವಾ ಹಂಚಿಹಾಕಲು ಅದು ನೆರವಾಗುತ್ತದೆ. ಹೊಸ ಕೆಲಸಕ್ಕೆ ಸೇರುವ ತಿಂಗಳಲ್ಲೇ ಮನೆ ಬದಲಿಸಿ, ಅದೇ ತಿಂಗಳಲ್ಲಿ ಹೊಸ ಕೋರ್ಸಿಗೂ ಹೆಸರು ನೋಂದಾಯಿಸಿ, ಬೆಳಗಿನ ಓಟವನ್ನೂ ಆರಂಭಿಸುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಒಂದೊಂದೂ ಒಳ್ಳೆಯ ನಿರ್ಧಾರವೇ, ಒಟ್ಟಿಗೆ ಬಂದಾಗ ಮಾತ್ರ ಹೊರಲಾಗದ ಹೊರೆ. ಕೆಲಸ ಬದಲಾಗುವ ವರ್ಷದಲ್ಲಿ ಮನೆಯನ್ನು ಹಾಗೆಯೇ ಉಳಿಸಿಕೊಳ್ಳುವುದು, ನಿದ್ದೆಯ ಮತ್ತು ಊಟದ ಹೊತ್ತನ್ನು ಕದಲಿಸದಿರುವುದು, ಒಂದು ಹಳೆಯ ಗೆಳೆತನವನ್ನು ತಪ್ಪದೆ ಕಾಪಾಡಿಕೊಳ್ಳುವುದು ಇವೆಲ್ಲ ಹೊಸದನ್ನು ಎದುರಿಸಲು ಬೇಕಾದ ಬಲವನ್ನು ಉಳಿಸಿಕೊಡುವ ಕ್ರಮಗಳು.

ಎರಡನೆಯ ಉಪಕರಣ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ರೂಪಿಸಿದ ‘ಹೀಗಾದರೆ ಹೀಗೆ’ ಎಂಬ ಮಾದರಿಯ ಸಂಕಲ್ಪ. ಹೊಸ ತಂಡದೊಂದಿಗೆ ಚೆನ್ನಾಗಿ ಬೆರೆಯುತ್ತೇನೆ ಎಂಬ ಸಂಕಲ್ಪಕ್ಕೆ ಹಿಡಿಯಲು ಹಿಡಿಕೆಯಿಲ್ಲ. ಅದರ ಬದಲು, ಸಭೆಯಲ್ಲಿ ನನಗೆ ಅರ್ಥವಾಗದ ಸಂಕ್ಷಿಪ್ತ ಪದ ಬಂದರೆ ಸಭೆ ಮುಗಿಯುವುದರೊಳಗೆ ಅದರ ವಿವರ ಕೇಳುತ್ತೇನೆ ಎಂದು ಬರೆದುಕೊಂಡರೆ, ಸಂದರ್ಭ ಎದುರಾದಾಗ ಯೋಚಿಸುವ ಶ್ರಮ ಉಳಿಯುತ್ತದೆ. ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆ, ಗುರಿ ಮುಟ್ಟುವುದರಲ್ಲಿ ಈ ವಿಧಾನದ ಪರಿಣಾಮ ಗಣನೀಯವಾದುದೆಂದು ತೋರಿಸಿತು. ಅಭ್ಯಾಸಪುಸ್ತಕದಲ್ಲಿ ಇದಕ್ಕೆ ಮೀಸಲಾದದ್ದು ಅರ್ಧ ಪುಟ ಮಾತ್ರ. ಇಷ್ಟು ಗಟ್ಟಿಯಾದ ಆಧಾರವಿರುವ ವಿಧಾನಕ್ಕೆ ಎರಡು ಪುಟಗಳಾದರೂ ಸಲ್ಲಬೇಕಿತ್ತು, ಅದರಲ್ಲಿಯೂ ಕಷ್ಟದ ಕ್ಷಣಗಳಿಗಾಗಿ ಇಂಥ ವಾಕ್ಯಗಳನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವ ಅಭ್ಯಾಸವನ್ನು ಮಾಡಿಸಬೇಕಿತ್ತು.

ಇದೇ ಪಾಠದಲ್ಲಿ, ಯಾವುದೇ ಹೊಸ ಅಭ್ಯಾಸ 21 ದಿನಗಳಲ್ಲಿ ಮೈಗೂಡುತ್ತದೆ ಎಂಬ ಜನಪ್ರಿಯ ಮಾತನ್ನೂ ಸೇರಿಸಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸವೊಂದು ಸಲೀಸಾಗಲು ಬೇಕಾದ ಅವಧಿಯ ಮಧ್ಯಾಂಕ 66 ದಿನ, ಅಂದಾಜಿನ ವ್ಯಾಪ್ತಿ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹಿನ್ನಡೆಯೇನೂ ಆಗುವುದಿಲ್ಲವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂದಿತು. 21 ದಿನಗಳ ಭರವಸೆಯನ್ನು ನಂಬಿದವರು ಇಪ್ಪತ್ತೆರಡನೆಯ ದಿನವೂ ಹೊಸ ಕೆಲಸ ಭಾರವೆನಿಸಿದಾಗ ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾರೆ. ಅಂಥ ವೃಥಾ ನೋವನ್ನು ತಪ್ಪಿಸಲಿಕ್ಕಾದರೂ ಈ ಸಾಲನ್ನು ತಿದ್ದಬೇಕು. ಸಂಸ್ಥೆಗಳಲ್ಲಿ ನಡೆಯುವ ಬದಲಾವಣೆಯ ಪ್ರಯತ್ನಗಳಲ್ಲಿ ಶೇ. 70ರಷ್ಟು ಸೋಲುತ್ತವೆ ಎಂಬ ಮೊದಲನೆಯ ಪಾಠದ ಹೇಳಿಕೆಯದೂ ಇದೇ ಕಥೆ. ಮಾರ್ಕ್ ಹ್ಯೂಸ್ ಎಂಬ ವಿದ್ವಾಂಸರು 2011ರಲ್ಲಿ ಆ ಅಂಕಿಯ ಬೆನ್ನುಹತ್ತಿ, ಅದಕ್ಕೆ ಭದ್ರವಾದ ಪುರಾವೆಯಿಲ್ಲವೆಂದು ತೋರಿಸಿದ್ದಾರೆ.

ನನ್ನ ಮುಖ್ಯ ಆಕ್ಷೇಪ ಆರನೆಯ ಪಾಠದ ಕುರಿತಾದದ್ದು. ನಮ್ಮ ಹತೋಟಿಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಎರಡು ವೃತ್ತಗಳನ್ನು ಬರೆಸಿ, ಹೊರಗಿನ ವೃತ್ತದಲ್ಲಿರುವುದನ್ನು ಬಿಟ್ಟುಕೊಡಿ ಎಂದು ಅಲ್ಲಿ ಉಪದೇಶಿಸಲಾಗುತ್ತದೆ. ಉಪದೇಶ ತಪ್ಪೆಂದು ಹೇಳಲಾರೆ, ಆದರೆ ಮೇಲಿನವರ ನಿರ್ಧಾರಗಳನ್ನೆಲ್ಲ ಹೊರಗಿನ ವೃತ್ತಕ್ಕೆ ತಳ್ಳಿಬಿಡುವುದು ನ್ಯಾಯವಲ್ಲ. ನಿರ್ಧಾರವನ್ನು ಬದಲಿಸುವ ಅಧಿಕಾರ ನಮಗಿಲ್ಲದಿರಬಹುದು, ಅದರ ವಿವರಗಳನ್ನು ಕೇಳುವ ಹಕ್ಕು ಮಾತ್ರ ಇದ್ದೇ ಇದೆ. ನನ್ನ ಕೆಲಸವನ್ನು ಇನ್ನು ಮುಂದೆ ಯಾರು ಮೌಲ್ಯಮಾಪನ ಮಾಡುತ್ತಾರೆ, ಹಳೆಯ ಮಾನದಂಡದಿಂದಲೋ ಹೊಸದರಿಂದಲೋ, ಹೊಸ ಹೊಣೆಗಳು ಸೇರಿದಾಗ ಹಳೆಯವುಗಳಲ್ಲಿ ಯಾವುದನ್ನು ಕೈಬಿಡಬಹುದು, ಕಲಿಕೆಗೆಂದು ಕೆಲಸದ ವೇಳೆಯಲ್ಲಿ ಎಷ್ಟು ಹೊತ್ತು ಸಿಗುತ್ತದೆ, ಈ ವ್ಯವಸ್ಥೆ ಸರಿಬರದಿದ್ದರೆ ಪುನರ್ವಿಮರ್ಶೆ ಯಾವಾಗ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಂಡ ದಿನ ಅರ್ಧ ಆತಂಕ ಇಳಿದುಹೋಗುತ್ತದೆ. ಇವುಗಳಲ್ಲಿ ಒಂದನ್ನೂ ಅಭ್ಯಾಸಪುಸ್ತಕ ಪ್ರಸ್ತಾಪಿಸುವುದಿಲ್ಲ. ಬದಲಾವಣೆಯ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಕರ್ಟ್ ಲೆವಿನ್ 1940ರ ದಶಕದಲ್ಲಿಯೇ ಇದಕ್ಕೆ ದಾರಿ ತೋರಿಸಿದ್ದರು. ಮುಂದಕ್ಕೆ ನೂಕುವ ಬಲವನ್ನು ಹೆಚ್ಚಿಸುತ್ತ ಹೋದರೆ ಒತ್ತಡವೂ ಹೆಚ್ಚುತ್ತದೆ, ಅದರ ಬದಲು ತಡೆಯುತ್ತಿರುವ ಬಲಗಳನ್ನು ಗುರುತಿಸಿ ಕಡಿಮೆ ಮಾಡಬೇಕೆಂಬುದು ಅವರ ವಾದದ ಸಾರ. ಉತ್ತರ ಸಿಗದ ಪ್ರಶ್ನೆಗಳೇ ಬಹಳಷ್ಟು ಕಡೆ ಆ ತಡೆಗಳು. ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ ಎಂದು ನೌಕರರಿಗೆ ಹೇಳುವಷ್ಟೇ ಕಾಳಜಿಯಿಂದ, ಉತ್ತರಗಳನ್ನು ಸಿದ್ಧವಾಗಿಟ್ಟುಕೊಳ್ಳಿ ಎಂದು ಸಂಸ್ಥೆಗಳಿಗೂ ಹೇಳುವ ಧೈರ್ಯ ಇಂಥ ತರಬೇತಿಗಳಿಗೆ ಇರಬೇಕು.

ಗುಂಪು ಸಂವಾದ ನಿರೀಕ್ಷೆಗಿಂತ ಚೆನ್ನಾಗಿತ್ತು. ತರಬೇತುದಾರರು ಕಡಿಮೆ ಮಾತನಾಡಿದರು, ಬಂದವರ ಮಾತನ್ನು ತಾಳ್ಮೆಯಿಂದ ಕೇಳಿದರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯರೊಬ್ಬರು, ತಮ್ಮ ‘ಮುಗಿದದ್ದು’ ಪಟ್ಟಿಯಲ್ಲಿ ಬೆಳಿಗ್ಗೆ ಸಿದ್ಧನಾಗಿ ಎಲ್ಲಿಗಾದರೂ ಹೊರಡಬೇಕಾದ ಅನಿವಾರ್ಯತೆ ಎಂದು ಬರೆದದ್ದನ್ನು ಓದಿದಾಗ ಕಿರಿಯರೂ ತಮ್ಮ ಹಾಳೆಗಳನ್ನು ಮತ್ತೆ ತೆರೆದು ಬರೆಯತೊಡಗಿದರು. ವಿಡಿಯೊಗಳ ತಾಂತ್ರಿಕ ಗುಣಮಟ್ಟದ ಬಗ್ಗೆ ದೂರುವುದೇನೂ ಇಲ್ಲ, ಮಾತಿನ ವೇಗ ಮಾತ್ರ ಸ್ವಲ್ಪ ಹೆಚ್ಚಾಯಿತು.

ಬದಲಾವಣೆ ಈಗಾಗಲೇ ಬಂದೆರಗಿದ್ದು, ಅದರ ನಡುವೆ ನಿಂತಿರುವವರಿಗೆ ನಾನು ಈ ತರಬೇತಿಯನ್ನು ಶಿಫಾರಸು ಮಾಡುತ್ತೇನೆ. ಪೂರ್ತಿ ನೋಡಲು ಬಿಡುವಿಲ್ಲದವರು ಎರಡು, ಮೂರು ಮತ್ತು ಐದನೆಯ ಪಾಠಗಳನ್ನು ನೋಡಿ, ಅಭ್ಯಾಸಪುಟಗಳನ್ನು ಕೈಬರಹದಲ್ಲಿ ತುಂಬಿದರೆ ಸಾಕು. ಕೆಲಸ ಬಿಡಬೇಕೋ ಬೇಡವೋ, ಹೊಸ ಊರಿಗೆ ಹೋಗಬೇಕೋ ಬೇಡವೋ ಎಂದು ಇನ್ನೂ ತೂಗಿನೋಡುತ್ತಿರುವವರಿಗೆ ಇದರಲ್ಲಿ ಸಿಗುವುದು ಕಡಿಮೆ, ಏಕೆಂದರೆ ಆಯ್ಕೆಗಳನ್ನು ಹೋಲಿಸುವ ಯಾವ ವಿಧಾನವನ್ನೂ ಇಲ್ಲಿ ಕಲಿಸುವುದಿಲ್ಲ. ನಿದ್ದೆ ಕೆಟ್ಟು, ಹಸಿವು ಹೋಗಿ, ವಾರಗಟ್ಟಲೆ ಯಾವುದರಲ್ಲಿಯೂ ಆಸಕ್ತಿ ಮೂಡದಂತಾದವರು ತರಬೇತಿಯ ಬದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಈ ಮಾತನ್ನು ಮೊದಲ ಪಾಠದ ಮೊದಲ ನಿಮಿಷದಲ್ಲಿಯೇ ಹೇಳಿರುವುದಕ್ಕಾಗಿ ತರಬೇತಿಯನ್ನು ರೂಪಿಸಿದವರನ್ನು ಮೆಚ್ಚಲೇಬೇಕು. ಸಂವಾದದ ಕೊನೆಯಲ್ಲಿ ಕೊಟ್ಟ ಅಭಿಪ್ರಾಯಪತ್ರದಲ್ಲಿ, ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳ ಒಂದು ಪುಟವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಬೇಕೆಂದು ಕೋರಿದ್ದೇನೆ ಮತ್ತು ಮೇಲೆ ಹೇಳಿದ ಪ್ರಶ್ನೆಗಳನ್ನು ಮಾದರಿಯಾಗಿ ಬರೆದುಕೊಟ್ಟಿದ್ದೇನೆ.