ಬೋರ್ಡಿನಲ್ಲಿ ‘ವೀಸಾ ಫ್ರೀ’, ಬಿಲ್ಲಿನಲ್ಲಿ ಬೇರೆಯೇ ಲೆಕ್ಕ

ಬೆಂಗಳೂರಿನ ಟ್ರಾವೆಲ್ಸ್‌ಗಳು ‘ವೀಸಾ ಫ್ರೀ’ ಎಂಬ ಒಂದೇ ಬೋರ್ಡಿನ ಕೆಳಗೆ ಭೂತಾನ್, ನೇಪಾಳ, ಥಾಯ್ಲೆಂಡ್ ಮೂರನ್ನೂ ಮಾರುತ್ತವೆ. ಕೊಳ್ಳುವವರು ಇವನ್ನು ಒಂದೇ ಸರಕು ಅಂದುಕೊಂಡರೆ ಜೇಬಿಗೆ ಪೆಟ್ಟು.

ಹೆಚ್ಚು ಎಚ್ಚರ ಬೇಕಾದದ್ದು ಭೂತಾನ್. ಭಾರತೀಯರಿಗೆ ಅಲ್ಲಿ ವೀಸಾ ಇಲ್ಲ, ಪರ್ಮಿಟ್ ಇದೆ. ಪರ್ಮಿಟ್ಟಿನ ಜೊತೆಗೆ ತಲೆಗೆ, ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ; ಏಜೆಂಟರು ಎಸ್‌ಡಿಎಫ್ ಅನ್ನುವುದು ಇದಕ್ಕೇ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಇನ್ನೂ ಚಿಕ್ಕವರಿಗೆ ಇಲ್ಲ. ಕೋವಿಡ್‌ಗೆ ಮುಂಚೆ ನಮ್ಮವರು ಇದನ್ನು ಕಟ್ಟುತ್ತಿರಲಿಲ್ಲ. 2022ರ ಸೆಪ್ಟೆಂಬರ್ 23ರಂದು ಗಡಿ ಮತ್ತೆ ತೆರೆದಾಗಿನಿಂದ ಕಟ್ಟಬೇಕಾಗಿದೆ. ಗಂಡ, ಹೆಂಡತಿ, ಹತ್ತು ವರ್ಷದ ಮಗು ಐದು ರಾತ್ರಿ ಉಳಿದರೆ 15,000 ರೂಪಾಯಿ ಬರೀ ಶುಲ್ಕಕ್ಕೇ ಹೋಯಿತು. (ಬೇರೆ ಬಹುತೇಕ ವಿದೇಶಿಯರಿಗೆ ದಿನಕ್ಕೆ 100 ಡಾಲರ್, ಅದೂ 2023ರಲ್ಲಿ 200ರಿಂದ ಇಳಿಸಿದ ಮೇಲೆ. ಹಾಗಾಗಿ ನಾವು ತೀರಾ ಗೊಣಗುವಂತಿಲ್ಲ.)

ರಾತ್ರಿ ಲೆಕ್ಕದ ಶುಲ್ಕ ಪ್ರವಾಸದ ಸ್ವರೂಪವನ್ನೇ ಬದಲಿಸುತ್ತದೆ. ವೀಸಾ ಫೀಸು ಒಮ್ಮೆ ಕಟ್ಟಿದರೆ ಮುಗಿಯಿತು, ಎಷ್ಟು ದಿನ ಉಳಿದರೂ ಅಷ್ಟೇ. ಇಲ್ಲಿ ಪ್ರತಿ ಹೆಚ್ಚುವರಿ ರಾತ್ರಿಗೂ ಬೆಲೆ ಇದೆ. ಆದ್ದರಿಂದ ಮೊದಲು ಕತ್ತರಿ ಬೀಳುವುದು ಥಿಂಫು, ಪಾರೋ ಆಚೆಗಿನ ಊರುಗಳಿಗೆ. ಜನ ಕಡಿಮೆ ಬರಲಿ, ಬಂದವರು ಹೆಚ್ಚು ಖರ್ಚು ಮಾಡಲಿ ಎಂಬುದೇ ಭೂತಾನದ ನೀತಿ. ಅವರ ದೃಷ್ಟಿಯಿಂದ ಅದು ಸರಿಯೇ. ಮೂರು ರಾತ್ರಿಗೆ ಓಡಿಹೋಗಿ ಬರುವವರಿಗೆ ಮಾತ್ರ ದುಬಾರಿ.

ಬೆಂಗಳೂರಿನಿಂದ ಪಶ್ಚಿಮ ಬಂಗಾಳದ ಬಾಗ್ದೋಗ್ರಾಗೆ ವಿಮಾನ, ಅಲ್ಲಿಂದ ಗಡಿ ಊರು ಜೈಗಾಂವ್‌ಗೆ ರಸ್ತೆಯಲ್ಲಿ ಸುಮಾರು ನಾಲ್ಕು ತಾಸು, ದಾಟಿದರೆ ಭೂತಾನದ ಫುಂಟ್‌ಶೋಲಿಂಗ್. ಭೂತಾನದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಸಂಜೆ ಹೊತ್ತಿಗೆ ತಲುಪುವವರಿಗೆ ಅಲ್ಲಿನ ಇಮಿಗ್ರೇಷನ್ ಕಚೇರಿ ಮುಚ್ಚುವ ಸಮಯ ತಪ್ಪುವುದು ಇದರಿಂದಲೇ. ಪರ್ಮಿಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ, ಹೋಟೆಲ್ ಬುಕಿಂಗ್, ಮಕ್ಕಳ ಜನನ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ ಬೇಕು.

ನೇಪಾಳದಲ್ಲಿ ಶುಲ್ಕವೂ ಇಲ್ಲ, ಪರ್ಮಿಟ್ಟೂ ಇಲ್ಲ; 1950ರ ಒಪ್ಪಂದದ ಫಲ. ಎಡವುವುದೆಲ್ಲ ಗುರುತಿನ ಚೀಟಿಯಲ್ಲಿ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಚೀಟಿ ಮಾತ್ರ ನಡೆಯುತ್ತದೆ. ಆಧಾರ್ ನಡೆಯುವುದು 15ಕ್ಕಿಂತ ಕೆಳಗಿನವರಿಗೆ, 65 ದಾಟಿದವರಿಗೆ. ನಡುವೆ ಸಿಕ್ಕಿಬೀಳುವವರು 15ರಿಂದ 18ರ ಮಕ್ಕಳು: ಪಾಸ್‌ಪೋರ್ಟ್ ಇಲ್ಲದಿದ್ದರೆ ನಿಗದಿತ ನಮೂನೆಯಲ್ಲಿ ಶಾಲೆಯ ಪ್ರಾಂಶುಪಾಲರ ಗುರುತಿನ ಪತ್ರ ತರಬೇಕು. ದಸರಾ ರಜೆಗೆ ಹೊರಡುವುದಾದರೆ ಶಾಲೆ ಮುಚ್ಚುವ ಮುಂಚೆಯೇ ಕೇಳಿಟ್ಟುಕೊಳ್ಳಿ. ನಮ್ಮ ಕಡೆಯವರ ಇನ್‌ಶಿಯಲ್‌ಗಳೂ ತೊಂದರೆ ಕೊಡುತ್ತವೆ. ಟಿಕೆಟ್ಟಿನಲ್ಲಿ ‘ಕೆ ಎಸ್’ ಎಂದಿದ್ದು ಚೀಟಿಯಲ್ಲಿ ತಂದೆಯ ಹೆಸರು ಪೂರ್ತಿ ಇದ್ದರೆ ಚೆಕ್-ಇನ್ ಕೌಂಟರಿನಲ್ಲೇ ತಕರಾರು. ಚೀಟಿಯಲ್ಲಿ ಇದ್ದ ಹಾಗೆಯೇ ಟಿಕೆಟ್ ಮಾಡಿಸಿ. ಬೆಂಗಳೂರು ಏರ್‌ಪೋರ್ಟಿನ ಟರ್ಮಿನಲ್ 2ರ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಇ-ಗೇಟ್‌ಗೆ ನೋಂದಾಯಿಸಿದವರು ಪಾಸ್‌ಪೋರ್ಟನ್ನೇ ಒಯ್ಯಲಿ, ವೋಟರ್ ಐಡಿಗೆ ಆ ಗೇಟು ತೆರೆಯುವುದಿಲ್ಲ. ನಮ್ಮ 100 ರೂಪಾಯಿ ಅಲ್ಲಿ 160. ಅಂಗಡಿಗಳ ಫೋನ್‌ಪೇ (Fonepay; ನಮ್ಮ PhonePe ಅಲ್ಲ) ಹೆಸರಿನ ನೇಪಾಳಿ ಕ್ಯೂಆರ್‌ಗೆ 2024ರಿಂದ ಯುಪಿಐ ನಡೆಯುತ್ತದೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಆನ್ ಮಾಡಿಕೊಂಡಿರಬೇಕು.

ಥಾಯ್ಲೆಂಡ್ ನಿಜಕ್ಕೂ ಉಳಿತಾಯದ ಸರಕು. ಮುಂಚೆ ಇಳಿದ ಮೇಲೆ ತೆಗೆದುಕೊಳ್ಳುವ ವೀಸಾಗೆ ತಲೆಗೆ 2,000 ಬಾತ್ ಕೊಟ್ಟು ಸಾಲಿನಲ್ಲಿ ನಿಲ್ಲಬೇಕಿತ್ತು, ನಾಲ್ವರ ಕುಟುಂಬಕ್ಕೆ 8,000. 2023ರ ನವೆಂಬರ್‌ನಲ್ಲಿ ಆರು ತಿಂಗಳ ಪ್ರಯೋಗವಾಗಿ ಅದನ್ನು ತೆಗೆದರು, 2024ರ ಜುಲೈನಲ್ಲಿ ವೀಸಾ ಇಲ್ಲದೆ ಉಳಿಯುವ 30 ದಿನವನ್ನು 60ಕ್ಕೆ ಏರಿಸಿದರು. ಆದೇಶದಿಂದ ಬಂದ ರಿಯಾಯಿತಿ ಆದೇಶದಿಂದಲೇ ಬದಲಾಗಬಹುದು. ರೀಫಂಡ್ ಇಲ್ಲದ ಟಿಕೆಟ್ ಕೊಳ್ಳುವ ದಿನ ರಾಯಭಾರ ಕಚೇರಿಯ ಪುಟ ನೋಡಿ. 2025ರ ಮೇ 1ರಿಂದ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ. ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಪೂರ್ತಿ ಉಚಿತ. ಹಣ ಕೇಳುವ ತಾಣ ಸರ್ಕಾರದ್ದಲ್ಲ. ಮಲೇಷ್ಯಾದ ಇಂಥದ್ದೇ ಕಾರ್ಡ್ ಎಂಡಿಎಸಿಗೂ ಇದೇ ಮಾತು.

ವೀಸಾ ತೆಗೆದರೆ ಜನ ಬಂದೇ ಬರುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ಮಾಲ್ಡೀವ್ಸ್ ಇಳಿದ ಮೇಲೆ ಉಚಿತವಾಗಿ 30 ದಿನ ಕೊಡುತ್ತದೆ; 2023ರಲ್ಲಿ ಅಲ್ಲಿಗೆ ಹೋದವರಲ್ಲಿ ಭಾರತೀಯರೇ ಮೊದಲು. 2024ರ ಜನವರಿಯ ರಾಜಕೀಯ ಜಗಳದ ನಂತರ ಆ ಸಂಖ್ಯೆ ಬಿದ್ದುಹೋಯಿತು, ನಿಯಮ ಒಂದಕ್ಷರವೂ ಬದಲಾಗದಿದ್ದರೂ.

ಕೊಟೇಶನ್ ಕೈಗೆ ಬಂದಾಗ ಎರಡು ಸಾಲು ಹುಡುಕಿ. ಥಾಯ್ಲೆಂಡ್, ನೇಪಾಳದ ಪಟ್ಟಿಯಲ್ಲಿ ‘ವೀಸಾ ಅಸಿಸ್ಟೆನ್ಸ್’ ಇದ್ದರೆ ಹೊಡೆಸಿಹಾಕಿ. ಭೂತಾನದ ಪಟ್ಟಿಯಲ್ಲಿ ಎಸ್‌ಡಿಎಫ್ ಇಲ್ಲದಿದ್ದರೆ ಅದನ್ನು ಸೇರಿಸಿ ಮತ್ತೆ ಒಟ್ಟು ಕೇಳಿ.