ಮೊದಲ ಕಾರೇ ಹಳೆಯ ಸ್ಪೋರ್ಟ್ಸ್ ಕಾರಾದರೆ: ಮ್ಯಾನುಯಲ್ಲೋ, ಆಟೋಮ್ಯಾಟಿಕ್ಕೋ?

ಬೆಂಗಳೂರಿನಲ್ಲಿ ಮೊದಲ ಕಾರಾಗಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರಿಗೆ ಸಿಗುವ ಮೊದಲ ಸಲಹೆ, "ಈ ಟ್ರಾಫಿಕ್ಕಿಗೆ ಆಟೋಮ್ಯಾಟಿಕ್ಕೇ ತಗೊಳ್ಳಿ" ಅನ್ನುವುದು. ಹೊಸ ಕಾರಿಗೆ ಅದು ಸರಿಯಾದ ಮಾತು. ಹಳೆಯದಕ್ಕೆ ಮಾತ್ರ ಗಾಡಿ ಯಾವ ಕಾಲದ್ದು ಅಂತ ಮೊದಲು ನೋಡಬೇಕು. ಎರಡೂ ಬಗೆಯನ್ನು ಓಡಿಸಿ ನೋಡಿದ ಮೇಲೆ ನಮ್ಮ ತೀರ್ಮಾನ ಇದು: 1960-70ರ ದಶಕದ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಂಥದ್ದಾದರೆ ಮ್ಯಾನುಯಲ್ಲೇ ಸರಿ. 1990ರ ದಶಕದ ಕೊನೆಯ ಮರ್ಸಿಡಿಸ್ ಎಸ್‌ಎಲ್‌ಕೆಯಂಥದ್ದಾದರೆ ಆಟೋಮ್ಯಾಟಿಕ್ ಕೊಳ್ಳಬಹುದು, ಆದರೆ ಚೆನ್ನಾಗಿ ಪರೀಕ್ಷಿಸಿದ ಮೇಲೆ.

ಎಂಜಿಬಿಯ 1,798 ಸಿಸಿ ಎಂಜಿನ್ನಿಗೆ 1967ರಿಂದ 1973ರವರೆಗೆ ಬೋರ್ಗ್-ವಾರ್ನರ್ 35 ಅನ್ನುವ ಮೂರು ಗೇರಿನ ಆಟೋಮ್ಯಾಟಿಕ್ ಕೂಡ ಸಿಗುತ್ತಿತ್ತು. ಸಿಲ್ಕ್ ಬೋರ್ಡ್‌ನಲ್ಲಿ ತೆವಳುವಾಗ ಎಡಗಾಲಿಗೆ ಸುಖವೇ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಗೊತ್ತಾಗುವುದು ಹೆಬ್ಬಾಳ ಫ್ಲೈಓವರ್ ಹತ್ತುವಾಗ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಗೆ ಕಾರ್ಬ್ಯುರೇಟರ್ ಎಂಜಿನ್ ತನ್ನ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಉಳಿದದ್ದರಲ್ಲಿ ಇನ್ನಷ್ಟನ್ನು ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್ಕಿನಲ್ಲಿ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಜಾರುತ್ತಾ ಬಿಸಿ ಮಾಡಿ ಕಳೆಯುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೆ ಗೇರ್ ಇಳಿಯುವವರೆಗೆ ಕಾಯಬೇಕು, ಹಿಂದಿನ ಬಸ್ಸು ಕಾಯುವುದಿಲ್ಲ. ಮ್ಯಾನುಯಲ್ಲಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಗಾಡಿ ಎಳೆಯುತ್ತದೆ. ಓವರ್‌ಡ್ರೈವ್, ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್, ಇರುವ ಗಾಡಿಯಾದರೆ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವಾಗ ಸ್ವಿಚ್ ತಟ್ಟಿದ ಕೂಡಲೇ ಎಂಜಿನ್ನಿನ ಗದ್ದಲ ಇಳಿಯುತ್ತದೆ. ಓವರ್‌ಡ್ರೈವ್ ಇಲ್ಲದ ಎಂಜಿಬಿ ಕೊಳ್ಳಬೇಡಿ ಅಂತಲೇ ಹೇಳುತ್ತೇವೆ.

ಮ್ಯಾನುಯಲ್ ಎಂಜಿಬಿಯ ದೊಡ್ಡ ಖರ್ಚು ಕ್ಲಚ್. ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಅದರ ರಿಲೀಸ್ ಬೇರಿಂಗ್ ಬಾಲ್ ಬೇರಿಂಗ್ ಅಲ್ಲ, ಕಾರ್ಬನ್ ಉಂಗುರ. ಸಿಗ್ನಲ್ಲಿನಲ್ಲಿ ಒಂದನೇ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ನಿಂತರೆ ಆ ಕಾರ್ಬನ್ ಸವೆಯುತ್ತಲೇ ಇರುತ್ತದೆ. ಅದನ್ನು ಬದಲಿಸಲು ಎಂಜಿನ್ನನ್ನೇ ಇಳಿಸಬೇಕು. ಹಾಗಾಗಿ ಗಾಡಿ ನಿಂತ ತಕ್ಷಣ ನ್ಯೂಟ್ರಲ್ ಮಾಡಿ, ಕಾಲು ಪೆಡಲ್‌ನಿಂದ ಪೂರ್ತಿ ತೆಗೆಯಿರಿ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಹಿಡಿದು ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಇಳಿಸಿದ ದಿನ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಲೇಸು. ಕ್ಲಚ್ ಪ್ಲೇಟಿಗೆ ಹೊಸ ಲೈನಿಂಗ್ ಹಾಕುವವರು ಊರಲ್ಲೇ ಇದ್ದಾರೆ, ಆದರೆ ಕಾರ್ಬನ್ ಬೇರಿಂಗ್ ಜೆ.ಸಿ. ರಸ್ತೆಯಲ್ಲಿ ಸಿಕ್ಕೀತೆಂದು ನಂಬಿ ಕೂರಬೇಡಿ. ಇಂಗ್ಲೆಂಡಿನಿಂದ ಮೊದಲೇ ಒಂದು ತರಿಸಿಟ್ಟುಕೊಳ್ಳಿ.

ಇನ್ನೆರಡು ಮಾತು. 1967ಕ್ಕಿಂತ ಹಿಂದಿನ ಎಂಜಿಬಿಗಳಲ್ಲಿ ಒಂದನೇ ಗೇರಿಗೆ ಸಿಂಕ್ರೋ (ಗೇರುಗಳ ವೇಗ ಹೊಂದಿಸಿ ಸಲೀಸಾಗಿ ಕೂರಿಸುವ ಭಾಗ) ಇಲ್ಲ. ಉರುಳುತ್ತಿರುವಾಗ ಹಾಕಿದರೆ ಕರಕರ ಅನ್ನುತ್ತದೆ. ಹೊಸಬರಿಗೆ 1968ರ ನಂತರದ್ದೇ ಒಳ್ಳೆಯದು. ಗೇರ್‌ಬಾಕ್ಸಿಗೆ ಹಾಕಬೇಕಾದ್ದು 20ಡಬ್ಲ್ಯು-50 ಎಂಜಿನ್ ಆಯಿಲ್. ಗೇರ್ ಅಂದ ಕೂಡಲೇ ಜಿಎಲ್-5 ದರ್ಜೆಯ ಗೇರ್ ಆಯಿಲ್ ಸುರಿಯುವ ಮೆಕ್ಯಾನಿಕ್ ಇದ್ದರೆ ಪಕ್ಕದಲ್ಲೇ ನಿಂತು ತಡೆಯಿರಿ, ಅದು ಹಿತ್ತಾಳೆ ಭಾಗಗಳನ್ನು ತಿನ್ನುತ್ತದೆ.

ಕೊಳ್ಳುವ ಮುಂಚೆ ಮ್ಯಾನುಯಲ್ಲನ್ನು ಪರೀಕ್ಷಿಸುವುದು ಸುಲಭ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, 1,500 ಆರ್‌ಪಿಎಂನಲ್ಲಿ ಕ್ಲಚ್ ಬಿಡಿ. ಎಂಜಿನ್ ಆಗಲೇ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿರುವಾಗ ಆಕ್ಸಿಲರೇಟರ್ ಬಿಡಿ. ಗೇರ್ ತಾನಾಗೇ ನ್ಯೂಟ್ರಲ್ಲಿಗೆ ಹಾರಿದರೆ ಬಾಕ್ಸ್ ಬಿಚ್ಚಲೇಬೇಕು.

ಈಗ ಎಸ್‌ಎಲ್‌ಕೆ, ಅಂದರೆ ಮೊದಲ ತಲೆಮಾರಿನ ಆರ್‌170. ಇದರ ಐದು ಗೇರಿನ 722.6 ಆಟೋಮ್ಯಾಟಿಕ್ ಗಟ್ಟಿ ಮಾಲು. ಈ ಕಾರಿನ ಮ್ಯಾನುಯಲ್ ಗೇರ್ ಲಿವರ್ ಅಷ್ಟು ಚುರುಕಾಗಿಲ್ಲ, ಆದ್ದರಿಂದ ಇಲ್ಲಿ ನಮ್ಮ ಮತ ಆಟೋಮ್ಯಾಟಿಕ್ಕಿಗೆ. ಇದರ ಕಾಯಿಲೆಗಳೂ ಚೆನ್ನಾಗಿ ಗೊತ್ತಿರುವಂಥವೇ. ಗೇರ್‌ಬಾಕ್ಸಿಗೆ ವೈರ್ ಸೇರುವ ಕನೆಕ್ಟರಿನ ಸಣ್ಣ ಓ-ರಿಂಗ್ ಸೋರಿದರೆ ಎಣ್ಣೆ ವೈರಿನೊಳಗೇ ಹತ್ತಿ ಕಂಟ್ರೋಲ್ ಯೂನಿಟ್ ತಲುಪುತ್ತದೆ. ಗೇರ್‌ಬಾಕ್ಸಿನೊಳಗಿನ ಕಂಡಕ್ಟರ್ ಪ್ಲೇಟ್ ಅನ್ನುವ ವಿದ್ಯುತ್ ಫಲಕದ ಸ್ಪೀಡ್ ಸೆನ್ಸರ್ ಕೆಟ್ಟರೆ ಗಾಡಿ ಎರಡನೇ ಗೇರಿನಲ್ಲೇ ಸಿಕ್ಕಿಬೀಳುತ್ತದೆ. ಎಷ್ಟೋ ಸಲ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಮಾರುವವರು ಬಳಸಿಕೊಳ್ಳುವುದು ಇದನ್ನೇ. ಹಾಗಾಗಿ ಕನಿಷ್ಠ ಅರ್ಧ ಗಂಟೆ, ಎಣ್ಣೆ ಪೂರ್ತಿ ಬಿಸಿಯಾಗುವವರೆಗೆ, ಟ್ರಾಫಿಕ್ಕಿನಲ್ಲೇ ಓಡಿಸಿ ನೋಡಿ, ನಡುವೆ ಕೀ ಮುಟ್ಟಲು ಬಿಡಬೇಡಿ. ಆಮೇಲೆ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸಿ.

ಇದರಲ್ಲಿ ಎಣ್ಣೆ ಅಳೆಯುವ ಕಡ್ಡಿ ಇರುವುದಿಲ್ಲ. ವರ್ಕ್‌ಶಾಪಿನ ಕಡ್ಡಿಯಲ್ಲಿ, ಎಣ್ಣೆ 80 ಡಿಗ್ರಿ ಬಿಸಿ ಇರುವಾಗ ಅಳೆಯಬೇಕು. ಬಿಳಿ ಟಿಶ್ಯೂ ಮೇಲೆ ಒಂದು ತೊಟ್ಟು ಬಿಡಿ. ಕೆಂಪಗಿದ್ದರೆ ಸರಿ; ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದು, ನಡುವೆ ಕರಿ ಪುಡಿ ಉಳಿದರೆ ಒಳಗಿನ ಕ್ಲಚ್‌ಗಳು ಸವೆದಿವೆ, ಆ ಗಾಡಿ ಬಿಟ್ಟುಬಿಡಿ. "ಜೀವಮಾನಕ್ಕೆ ಒಂದೇ ಎಣ್ಣೆ" ಅನ್ನುವ ಮಾತನ್ನು ನಂಬದೆ 60,000 ಕಿ.ಮೀ.ಗೊಮ್ಮೆ ಫಿಲ್ಟರ್ ಸಮೇತ ಬದಲಿಸಿ. ಗೇರ್‌ಬಾಕ್ಸಿನ ತಳದ ಪ್ಯಾನ್ ಇಳಿಸಿದ ಮಾತ್ರಕ್ಕೆ ಎಣ್ಣೆ ಎಲ್ಲವೂ ಬರುವುದಿಲ್ಲ, ಟಾರ್ಕ್ ಕನ್ವರ್ಟರಿನಲ್ಲೂ ಒಂದಷ್ಟು ಉಳಿದಿರುತ್ತದೆ.

ಕಾಗದಪತ್ರದ ವಿಷಯ ಎರಡಕ್ಕೂ ಒಂದೇ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. 50 ವರ್ಷ ದಾಟಿದ್ದನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಇರುವುದು ಒಂದೇ ಕಾರು ಅನ್ನುವವರು ಇದನ್ನು ಮರೆಯಬಾರದು.

ದಾರಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಮ್ಯಾನುಯಲ್ಲನ್ನು ಇಬ್ಬರು ತಳ್ಳಿದರೆ ಎರಡನೇ ಗೇರಿನಲ್ಲಿ ಸ್ಟಾರ್ಟ್ ಆಗುತ್ತದೆ. 722.6 ಆಟೋಮ್ಯಾಟಿಕ್ ಇರುವ ಗಾಡಿ ಹಾಗೆ ಆಗುವುದಿಲ್ಲ. ಅದನ್ನು ಹಗ್ಗ ಕಟ್ಟಿ ದೂರ ಎಳೆಸಲೂಬಾರದು: ಎಂಜಿನ್ ಓಡದಿದ್ದರೆ ಎಣ್ಣೆ ಪಂಪ್ ತಿರುಗುವುದಿಲ್ಲ, ಚಕ್ರದ ಜೊತೆ ತಿರುಗುವ ಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ.